ಜಗಲಿಯ ಬೀಗ

2018ರ ಮೇ 22. ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಪ್ಪ ತನ್ನದೇ ಮನೆಯ ಜಗಲಿ ಕೋಣೆಗೆ ಬೀಗ ಹಾಕಿದ. ಬೀಗದ ಕೈಯನ್ನು ದೇವರ ಗೂಡಿನಲ್ಲಿಟ್ಟ. ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತು "ಇವತ್ತಿಂದ ಮುಷ್ಕರ" ಅಂದ. ದೋಸೆ ಹೊಯ್ಯುತ್ತಿದ್ದ ಚಿಕ್ಕಮ್ಮ ತಿರುಗಿ ನೋಡಿದಳು. "ಮುಷ್ಕರ ಅಂದ್ರೆ ಇಲ್ಲಿ ಬಂದು ಕೂರೋದಾ? ಹಾಗಾದ್ರೆ ಈ ಕಾಯಿ ತುರಿದು ಕೊಡಿ." ಚಿಕ್ಕಪ್ಪ ಕಾಯಿ ತುರಿದ. ನಾನು ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದವನು ಅಲ್ಲೇ ಬಾಗಿಲ ಹತ್ತಿರ ಕೂತು ಇದನ್ನೆಲ್ಲ ನೋಡುತ್ತಿದ್ದೆ. ಆಗ ನಗು ಬಂದಿತ್ತು. ಈಗ ಅಷ್ಟು ಬರುವುದಿಲ್ಲ.

ಚಿಕ್ಕಪ್ಪ ಬ್ರಾಂಚ್ ಪೋಸ್ಟ್ ಮಾಸ್ಟರ್. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರು. ಊರು ಅಂದರೆ ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಹಳ್ಳಿ ಪೋಸ್ಟ್ ಆಫೀಸಿಗೆ ಸರ್ಕಾರ ಕಟ್ಟಡ ಕಟ್ಟಿಸಿಕೊಡುವುದಿಲ್ಲ. ಪೋಸ್ಟ್ ಮಾಸ್ಟರ್ ಆದವನೇ ಜಾಗ ತೋರಿಸಬೇಕು. ಹಾಗಾಗಿ ನಮ್ಮ ಜಗಲಿಯ ಪಕ್ಕದ ಕೋಣೆಯೇ ಆಫೀಸು. ಅಲ್ಲಿ ಒಂದು ಮೇಜು, ಒಂದು ಮರದ ಪೆಟ್ಟಿಗೆ, ಗೋಡೆಯಲ್ಲಿ ಧರ್ಮಸ್ಥಳದ ಕ್ಯಾಲೆಂಡರು, ಅದರ ಪಕ್ಕ ಅಂಚೆ ನೌಕರರ ಸಂಘದ ಕ್ಯಾಲೆಂಡರು. ಹೊರಗೆ ಕೆಂಪು ಡಬ್ಬ. ನಾವು ಚಿಕ್ಕವರಿದ್ದಾಗ ಅರಗು ಕರಗಿಸಿ ಚೀಲಕ್ಕೆ ಸೀಲು ಒತ್ತುವ ವಾಸನೆ, ಮಧ್ಯಾಹ್ನದ ಸಾರಿನ ಒಗ್ಗರಣೆ ವಾಸನೆ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು.

ಕಾರ್ಖಾನೆಯವರು ಮುಷ್ಕರ ಮಾಡಿದರೆ ಗೇಟಿನ ಹೊರಗೆ ನಿಲ್ಲುತ್ತಾರೆ. ಬ್ಯಾಂಕಿನವರು ಮನೆಯಲ್ಲಿರುತ್ತಾರೆ. ಆಫೀಸೇ ಮನೆಯಾಗಿರುವವನು ಎಲ್ಲಿ ಹೋಗಬೇಕು? ಅವನು ಕೆಲಸ ನಿಲ್ಲಿಸಿದ್ದಾನೆ ಅಂತ ಗೊತ್ತಾಗುವುದು ಹೇಗೆ? ಅದಕ್ಕಿಂತ ಮೊದಲಿನ ಪ್ರಶ್ನೆ, ಅವನು ಕೆಲಸ ಮಾಡುತ್ತಿದ್ದದ್ದು ಯಾವಾಗಿನಿಂದ ಯಾವಾಗಿನವರೆಗೆ? ಏಳೆಂಟು ವರ್ಷದಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದಾಗ, ಫೇಸ್‌ಬುಕ್ಕಿನ ತುಂಬ ಅಂಚೆಯಣ್ಣನ ನೆನಪುಗಳು ಹರಿದಾಡಿದಾಗ, ಅದು ಮತ್ತೆ ಎದ್ದು ಕೂತಿತು. ಇನ್‌ಲ್ಯಾಂಡ್ ಲೆಟರಿನ ನೀಲಿ ಬಣ್ಣ, ಸೈಕಲ್ ಬೆಲ್ಲು, ಖಾಕಿ ಚೀಲ ಎಲ್ಲ ಬಂದವು. ಆ ಚೀಲ ಹೊತ್ತವನಿಗೆ ಎಷ್ಟು ಗಂಟೆಯ ಕೆಲಸಕ್ಕೆ ಸಂಬಳ ಕೊಡುತ್ತಿದ್ದರು ಅಂತ ಯಾರೂ ಬರೆಯಲಿಲ್ಲ. ಸುಮ್ನೆ ಹೇಳುತ್ತಿಲ್ಲ, ನಾನೂ ಅಂಥದ್ದೊಂದು ಪೋಸ್ಟ್ ಹಾಕಿದವನೇ.

ಹೊರಗಿನವನಾಗಿ ಒಳಗೆ

ಊರಿನವರ ಕಣ್ಣಿಗೆ ಚಿಕ್ಕಪ್ಪ ಸರ್ಕಾರಿ ನೌಕರ. ಸರ್ಕಾರದ ಲೆಕ್ಕದಲ್ಲಿ ಅಲ್ಲ. ಮೊದಲು ಅವರನ್ನು ಇ.ಡಿ. ಅನ್ನುತ್ತಿದ್ದರು. ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಯ ಹೊರಗಿನವರು. ಬ್ರಿಟಿಷರ ಕಾಲದಲ್ಲಿ ಶಾಲೆ ಮೇಷ್ಟ್ರು, ಅಂಗಡಿಯವರು, ಒಂದಿಷ್ಟು ಜಮೀನು ಇದ್ದವರು ಬಿಡುವಿನಲ್ಲಿ ಟಪಾಲು ನೋಡಿಕೊಳ್ಳಲಿ ಅಂತ ಮಾಡಿದ ಏರ್ಪಾಡು ಅದು. ಆಮೇಲೆ ಹೆಸರು ಗ್ರಾಮೀಣ ಡಾಕ್ ಸೇವಕ್ ಅಂತಾಯಿತು. ಏರ್ಪಾಡು ಹಾಗೇ ಉಳಿಯಿತು. ಇವತ್ತಿಗೂ ನಿಯಮದಲ್ಲಿ ಒಂದು ಮಾತಿದೆ: ಈ ಕೆಲಸಕ್ಕೆ ಬರುವವನಿಗೆ ಜೀವನಕ್ಕೆ ಬೇರೆ ದಾರಿ ಇರಬೇಕು. ಈ ಸಂಬಳದಲ್ಲಿ ಬದುಕಲು ಆಗುವುದಿಲ್ಲ ಅಂತ ಕೊಡುವವನೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಅದಕ್ಕೆ ಸಂಬಳ ಅನ್ನುವ ಹೆಸರೂ ಇಲ್ಲ. ಟಿ.ಆರ್.ಸಿ.ಎ. ಅನ್ನುತ್ತಾರೆ, ಸಮಯಕ್ಕೆ ತಕ್ಕ ಭತ್ಯೆ. 1977ರಲ್ಲಿ ಸುಪ್ರೀಂ ಕೋರ್ಟು ಇವರದೂ ಸಿವಿಲ್ ಹುದ್ದೆಯೇ, ವಿಚಾರಣೆ ಇಲ್ಲದೆ ತೆಗೆದುಹಾಕುವ ಹಾಗಿಲ್ಲ ಅಂತ ಹೇಳಿತು. ಆದರೆ ಅದು ಉಳಿದ ನೌಕರರ ಸಾಲಿಗೆ ಸೇರಿದ ಹುದ್ದೆಯಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಜಗಲಿ ಅಂದರೂ ಅದೇ ತಾನೆ.

ಸಮಯಕ್ಕೆ ತಕ್ಕ ಅಂದೆನಲ್ಲ, ಆ ಸಮಯವನ್ನು ಅಳೆಯುವುದರಲ್ಲೇ ಎಲ್ಲ ಇದೆ. ಎಷ್ಟು ಕಾಗದ ಬಂತು, ಎಷ್ಟು ಮನಿಯಾರ್ಡರ್ ಹಂಚಿದ, ಎಷ್ಟು ಸ್ಟಾಂಪು ಮಾರಿದ, ಉಳಿತಾಯ ಖಾತೆಯಲ್ಲಿ ಎಷ್ಟು ದುಡ್ಡು ಓಡಾಡಿತು, ಇವನ್ನೆಲ್ಲ ಲೆಕ್ಕ ಹಾಕಿ ಈ ಆಫೀಸಿನ ಕೆಲಸ ಇಷ್ಟು ಗಂಟೆಯದು ಅಂತ ತೀರ್ಮಾನ ಮಾಡುತ್ತಾರೆ. ಮೂರು ಗಂಟೆ, ಮೂರೂವರೆ, ನಾಲ್ಕು, ಹೀಗೆ. ಓವರ್ಸಿಯರ್ ಬಂದಾಗ, ಇನ್‌ಸ್ಪೆಕ್ಟರ್ ಬಂದಾಗ ಈ ಅಂಕಿಗಳನ್ನು ಚಿಕ್ಕಪ್ಪ ಎಷ್ಟು ಜತನದಿಂದ ತೋರಿಸುತ್ತಿದ್ದ ಅಂದರೆ ಅಡಿಕೆ ಮಂಡಿಯಲ್ಲೂ ಅಷ್ಟು ಎಚ್ಚರ ಇರುತ್ತಿರಲಿಲ್ಲ. ಒಂದು ವರ್ಷ ಸ್ಟಾಂಪಿನ ವ್ಯಾಪಾರ ಕಡಿಮೆಯಾಯಿತು ಅಂತ ಅವನೇ ಐವತ್ತು ಇನ್‌ಲ್ಯಾಂಡ್ ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದ. ಅವು ಇನ್ನೂ ಇವೆ. ಚಿಕ್ಕಮ್ಮ ಅದರಲ್ಲಿ ದಿನಸಿ ಪಟ್ಟಿ ಬರೆಯುತ್ತಾಳೆ.

ಲೆಕ್ಕಕ್ಕೆ ಬಾರದ್ದು ಬೇರೆಯೇ ಇತ್ತು. ರಾತ್ರಿ ಎಂಟಕ್ಕೆ ಯಾರೋ ಬಂದು ಮಗನ ಇಂಟರ್‌ವ್ಯೂ ಕಾರ್ಡ್ ಬಂತಾ ಅಂತ ಕೇಳುವುದು. ಕೋರ್ಟಿನ ನೋಟೀಸು ಬಂದರೆ ಅದನ್ನು ಓದಿ, ಅರ್ಥ ಹೇಳಿ, ಯಾವ ವಕೀಲರ ಹತ್ತಿರ ಹೋಗಬಹುದು ಅಂತಲೂ ಹೇಳುವುದು. ಹಳ್ಳ ತುಂಬಿದ ದಿನ ಆಚೆ ದಡದವರ ಟಪಾಲನ್ನು ಎತ್ತಿಟ್ಟು ಕಾಯುವುದು. ಯಾವ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮಾತಿಲ್ಲ, ಯಾರ ಕಾಗದ ಯಾರ ಕೈಗೆ ಕೊಡಬಾರದು ಅನ್ನುವುದನ್ನು ನೆನಪಿಟ್ಟುಕೊಳ್ಳುವುದು. ಇದಕ್ಕೆಲ್ಲ ಆ ಲೆಕ್ಕದಲ್ಲಿ ಯಾವ ಪಾಯಿಂಟೂ ಇಲ್ಲ.

ಮುಷ್ಕರದ ಐದನೇ ದಿನ

ಆ ಸಲದ ಬೇಡಿಕೆ ದೊಡ್ಡದೇನಲ್ಲ. ಕೇಂದ್ರ ನೌಕರರಿಗೆ ಏಳನೇ ವೇತನ ಆಯೋಗ ಬಂದಿತ್ತು. ಇವರು ಅದರೊಳಗೆ ಬರುವುದಿಲ್ಲ. ಇವರಿಗೆ ಬೇರೆಯೇ ಒಂದು ಸಮಿತಿ. ನಿವೃತ್ತ ಅಂಚೆ ಅಧಿಕಾರಿ ಕಮಲೇಶ್ ಚಂದ್ರ ಅವರದು ಏಕಸದಸ್ಯ ಸಮಿತಿ. ಅವರು 2016ರ ನವೆಂಬರಿನಲ್ಲಿ ವರದಿ ಕೊಟ್ಟರು. ಒಂದೂವರೆ ವರ್ಷ ಕಳೆದರೂ ವರದಿ ದಿಲ್ಲಿಯಲ್ಲೇ ಇತ್ತು. ಅದನ್ನು ಜಾರಿ ಮಾಡಿ ಅಂತ ಗ್ರಾಮೀಣ ಡಾಕ್ ಸೇವಕರ ಸಂಘಗಳು ಒಟ್ಟಾಗಿ ಅನಿರ್ದಿಷ್ಟ ಮುಷ್ಕರಕ್ಕೆ ಕರೆ ಕೊಟ್ಟವು. ಸಾಮಾನ್ಯವಾಗಿ ಒಂದು ಸಂಘ ಹೂಂ ಅಂದರೆ ಇನ್ನೊಂದು ಊಹೂಂ ಅನ್ನುತ್ತದೆ. ಆ ಸಲ ಎಲ್ಲರೂ ಸೇರಿದ್ದೇ ದೊಡ್ಡ ಸುದ್ದಿ. ನಮ್ಮ ಟಿವಿಯಲ್ಲಿ ಮಾತ್ರ ಆ ಸುದ್ದಿಗೆ ಜಾಗ ಇರಲಿಲ್ಲ. ಮುಷ್ಕರ ಶುರುವಾಗುವ ಮೂರು ದಿನ ಮೊದಲು ಯಡಿಯೂರಪ್ಪ ರಾಜೀನಾಮೆ ಕೊಟ್ಟಿದ್ದರು, ಶುರುವಾದ ಮಾರನೇ ದಿನ ಕುಮಾರಸ್ವಾಮಿ ಪ್ರಮಾಣವಚನ. ಚಿಕ್ಕಪ್ಪ ಚಾನೆಲ್ ಬದಲಿಸುತ್ತಾ ಬದಲಿಸುತ್ತಾ ಸುಸ್ತಾಗಿ, "ನಮ್ಮದು ಬರಲ್ಲ ಬಿಡು, ನಾವೇನು ರೆಸಾರ್ಟಿಗೆ ಹೋಗಿದೀವಾ" ಅಂದ.

ಐದನೇ ದಿನ ಕೆಳಮನೆ ಅಜ್ಜಿ ಬಂದಳು. ಬಂದವಳು ಬೀಗ ನೋಡಿದಳು, ಕೋಲನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತಳು. ಅವಳಿಗೆ ತಿಂಗಳು ತಿಂಗಳು ಸರ್ಕಾರದ ವೃದ್ಧಾಪ್ಯ ವೇತನ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಚಿಕ್ಕಪ್ಪ ಅಡುಗೆಮನೆಯಿಂದ ಇಣುಕಿದ. ಆಮೇಲೆ ಬರಲೇಬೇಕಾಗಿ ಹೊರಗೆ ಬಂದ.

"ಅಜ್ಜಿ, ಮುಷ್ಕರ ನಡೀತಾ ಇದೆ. ಇವತ್ತು ನಾನು ಪೋಸ್ಟ್ ಮಾಸ್ಟರ್ ಅಲ್ಲ."

"ಹಂಗಾರೆ ಪೋಸ್ಟ್ ಮಾಸ್ಟ್ರನ್ನ ಕರಿ ಮಾರಾಯ, ನಾ ಕಾಯ್ತೀನಿ."

ಅವಳು ತಮಾಷೆ ಮಾಡಿದಳೋ ನಿಜವಾಗಿ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಚಿಕ್ಕಪ್ಪ ವಿವರಿಸಲು ನೋಡಿದ. ದುಡ್ಡು ಪೇಟೆಯ ಆಫೀಸಿನಿಂದ ಚೀಲದಲ್ಲಿ ಬರಬೇಕು, ಚೀಲ ತರುವವನೂ ಮುಷ್ಕರದಲ್ಲಿದ್ದಾನೆ, ಬಂದರೆ ತಾನೆ ಕೊಡುವುದು. ಅಜ್ಜಿ ಎಲ್ಲ ಕೇಳಿದಳು. ಎದ್ದು ಹೋಗಲಿಲ್ಲ. ಚಿಕ್ಕಮ್ಮ ಕಾಫಿ ಕೊಟ್ಟಳು. ಕುಡಿದಳು. ಬಿ.ಪಿ. ಮಾತ್ರೆ ಮುಗಿದು ಎರಡು ದಿನ ಆಯಿತು ಅಂತ ಕಾಫಿ ಲೋಟ ಕೆಳಗಿಡುವಾಗ ಹೇಳಿದಳು, ನಮಗೆ ಹೇಳಿದ್ದಲ್ಲ ಅನ್ನುವ ಹಾಗೆ. ಚಿಕ್ಕಮ್ಮ ಒಳಗೆ ಹೋಗಿ ಅಡಿಕೆ ದುಡ್ಡಿನ ಡಬ್ಬದಿಂದ ಐನೂರು ರೂಪಾಯಿ ತಂದು ಅವಳ ಕೈಗಿಟ್ಟಳು. ಚಿಕ್ಕಪ್ಪ ತೋಟದ ಕಡೆ ಮುಖ ಮಾಡಿ ನಿಂತಿದ್ದ. ಅಜ್ಜಿ ನೋಟನ್ನು ತಿರುಗಿಸಿ ನೋಡಿ, "ಹೆಬ್ಬೆಟ್ಟು ಎಲ್ಲಿ ಒತ್ತಬೇಕು?" ಅಂದಳು.

ಆ ರಾತ್ರಿ ಮನೆಯಲ್ಲಿ ಜಗಳ. ಮುಷ್ಕರದ ಬಿಸಿ ಯಾರಿಗೂ ತಾಗದಿದ್ದರೆ ಅದು ಮುಷ್ಕರ ಹೇಗಾಗುತ್ತದೆ ಅಂತ ಚಿಕ್ಕಪ್ಪ. ದಿಲ್ಲಿಯವರಿಗೆ ತಾಗಬೇಕಾದ ಬಿಸಿ ಕೆಳಮನೆ ಅಜ್ಜಿಗೆ ಯಾಕೆ ಅಂತ ಚಿಕ್ಕಮ್ಮ. ಇಬ್ಬರೂ ಸರಿ. ನನಗೆ ತೋರಿದ್ದು ಇಷ್ಟು: ಹದಿನಾರು ದಿನ ಬಾಗಿಲು ಮುಚ್ಚಿದ್ದಾಗ ಊರಿನಲ್ಲಿ ಒಬ್ಬನೂ ಕಾಗದ ಬರಲಿಲ್ಲ ಅಂತ ಕೇಳಿಕೊಂಡು ಬರಲಿಲ್ಲ. ಬಂದವರು ಅಜ್ಜಿಯಂಥವರು, ನರೇಗಾ ಕೂಲಿ ಬರಬೇಕಾದವರು, ಆರ್.ಡಿ. ಕಟ್ಟುವವರು. ಹಳ್ಳಿಯ ಅಂಚೆ ಎಂದೋ ಬಡವರ ಬ್ಯಾಂಕ್ ಆಗಿತ್ತು. ನಮಗೆ, ಅಂದರೆ ಪೇಟೆಗೆ ಹೋಗಿ ನೆನಪು ಬರೆಯುವವರಿಗೆ, ಅದು ಇನ್ನೂ ನೀಲಿ ಇನ್‌ಲ್ಯಾಂಡು.

ಮುಂದಿನ ವಾರ ಜಿಲ್ಲಾ ಕೇಂದ್ರದಲ್ಲಿ ಧರಣಿ. ನಾನೂ ಜೊತೆಗೆ ಹೋದೆ. ಶಾಮಿಯಾನದ ಕೆಳಗೆ ನೂರಿನ್ನೂರು ಜನ. ಅರ್ಧಕ್ಕರ್ಧ ತಲೆ ನರೆತವರು. ಚಿಕ್ಕಪ್ಪ ಅಜ್ಜಿಯ ಕತೆ ಹೇಳಿದ. ಪಕ್ಕದಲ್ಲಿದ್ದವನು ತಾನೂ ಮೂರು ಜನಕ್ಕೆ ಕೊಟ್ಟೆ ಅಂದ. ಇನ್ನೊಬ್ಬ ತನ್ನ ಹತ್ತಿರ ಕೊಡಲು ಇರಲಿಲ್ಲ, ಅದಕ್ಕೇ ಇಲ್ಲಿಗೆ ಬಂದು ಕೂತಿದ್ದೇನೆ ಅಂದ. ಸಂಘದ ಸ್ಥಳೀಯ ಕಾರ್ಯದರ್ಶಿಯ ಕಿವಿಗೆ ಈ ಮಾತು ಬಿತ್ತು. ಮೈಕು ಹಿಡಿಯದೆ, ಹಾಗೇ ಬಂದು ಬಗ್ಗಿ ಹೇಳಿದರು: "ಕೊಡಿ, ಬೇಡ ಅನ್ನಲ್ಲ. ನಿಮ್ಮ ದುಡ್ಡು ಕೊಡಿ. ಇಲಾಖೆ ದುಡ್ಡು ಮಾತ್ರ ಮುಟ್ಟಬೇಡಿ." ಇಂಥ ಮಾತು ಯಾವ ಸುತ್ತೋಲೆಯಲ್ಲೂ ಇರುವುದಿಲ್ಲ. ನನಗೆ ಸಂಘ ಅಂದರೆ ಏನು ಅಂತ ಸ್ವಲ್ಪ ತಿಳಿದದ್ದು ಆವತ್ತು.

ಜೂನ್ 6ಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ 3.07 ಲಕ್ಷ ಜನಕ್ಕೆ ಅನುಕೂಲ ಅಂತ ಪ್ರಕಟಣೆ. ಬ್ರಾಂಚ್ ಪೋಸ್ಟ್ ಮಾಸ್ಟರಿಗೆ ದಿನಕ್ಕೆ ನಾಲ್ಕು ಗಂಟೆ ಕೆಲಸಕ್ಕೆ ತಿಂಗಳಿಗೆ 12,000, ಐದು ಗಂಟೆಗೆ 14,500. ಸಹಾಯಕರಿಗೆ 10,000 ಮತ್ತು 12,000. ಮೂರು, ಮೂರೂವರೆಯ ಚಿಲ್ಲರೆ ಲೆಕ್ಕ ಹೋಯಿತು. ಗೆದ್ದೆವು ಅಂತ ಚಿಕ್ಕಪ್ಪ ಕೋಣೆಯ ಬೀಗ ತೆಗೆದ. ಗಂಟೆಯ ಲೆಕ್ಕ ಮಾತ್ರ ಹಾಗೇ ಉಳಿಯಿತು. ನಾಲ್ಕು. ಎಂಟು ಗಂಟೆ ಕೆಲಸ ಮತ್ತು ಪಿಂಚಣಿ ಬೇಕು ಅಂತ 2023ರ ಡಿಸೆಂಬರಿನಲ್ಲಿ ಮತ್ತೆ ಮುಷ್ಕರ ಆದದ್ದು ಇದೇ ಕಾರಣಕ್ಕೆ.

ಕುರ್ಚಿ ಹೋದ ರೀತಿ

ಪೇಟೆಯ ಆಫೀಸಿನ ಕತೆ ಬೇರೆ. ಅಲ್ಲಿರುವವರು ಪೂರ್ತಿ ಸರ್ಕಾರಿ ನೌಕರರು. ಚಿಕ್ಕಪ್ಪನ ಗೆಳೆಯರೊಬ್ಬರು ಅಲ್ಲಿ ಗುಮಾಸ್ತರಾಗಿದ್ದರು. ಅವರು ಸೇರಿದಾಗ ಆರು ಜನ ಇದ್ದರಂತೆ, ನಿವೃತ್ತರಾದಾಗ ಇಬ್ಬರು. "ಯಾರನ್ನೂ ತೆಗೀಲಿಲ್ಲ. ಎದ್ದವನ ಕುರ್ಚಿ ಹಿಂದಿನಿಂದ ಎಳೆದುಕೊಂಡರು ಅಷ್ಟೆ" ಅನ್ನುತ್ತಿದ್ದರು. ಇದು ಬರೀ ಮಾತಲ್ಲ. 2001ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಮಾಡಿತು. ನೇರ ನೇಮಕಾತಿಯಲ್ಲಿ ಖಾಲಿಯಾಗುವ ಹುದ್ದೆಗಳಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಬೇಕು, ಅದೂ ಒಟ್ಟು ಮಂಜೂರಾದ ಹುದ್ದೆಗಳ ಶೇಕಡ 1ನ್ನು ದಾಟಬಾರದು, ಉಳಿದವು ರದ್ದು. 2009ರ ಮಾರ್ಚ್‌ವರೆಗೂ ಇದು ನಡೆಯಿತು. ಎಂಟು ವರ್ಷ. ಸಂಘದವರು ಕೂಗಿದರು, ಕಪ್ಪು ಪಟ್ಟಿ ಕಟ್ಟಿದರು, ಒಂದು ದಿನದ ಮುಷ್ಕರಗಳೂ ಆದವು. ಆದರೆ ಈ ತರಹದ ಕಡಿತದ ವಿರುದ್ಧ ಜನ ಸೇರಿಸುವುದು ಕಷ್ಟ. ಕೆಲಸ ಕಳೆದುಕೊಂಡವನು ಅಂತ ತೋರಿಸಲು ಒಬ್ಬನೂ ಇರುವುದಿಲ್ಲ. ಇರುವವನು ನಾಲ್ಕು ಜನರ ಕೆಲಸ ಮಾಡುತ್ತಾ ಕಿಟಕಿಯಲ್ಲಿ ಸಿಡುಕುತ್ತಾನೆ. ಸರದಿಯಲ್ಲಿ ನಿಂತ ನಾವು ಅವನನ್ನೇ ಬೈಯುತ್ತೇವೆ. ನಾನೂ ಬೈದಿದ್ದೇನೆ.

ಈ ಹೊತ್ತಿಗೇ ಕಂಪ್ಯೂಟರ್ ಬಂತು ಅನ್ನುವುದರಿಂದ ಜನ ಎರಡನ್ನೂ ಒಂದೇ ಅಂದುಕೊಂಡರು. ಯಂತ್ರ ಬಂತು, ಜನ ಹೋದರು ಅಂತ. ಅಷ್ಟು ಸರಳ ಅಲ್ಲ. ಅಂಚೆಯ ಯಂತ್ರದ ಕತೆಯಲ್ಲಿ ನಮ್ಮ ಮೈಸೂರಿಗೆ ಒಂದು ಪಾಲಿದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು, 'ಅಂಚೆ' ಅನ್ನುವ ಮಾತು ಮಾತ್ರ ನಮಗೆ ಉಳಿಯಿತು. ನೂರು ವರ್ಷದ ಮೇಲೆ ಅದೇ ಮೈಸೂರಿನ ಅಂಚೆ ತರಬೇತಿ ಕೇಂದ್ರದಲ್ಲಿ ಇಲಾಖೆಯ ಜನರೇ 'ಮೇಘದೂತ್' ಅನ್ನುವ ಸಾಫ್ಟ್‌ವೇರ್ ಬರೆದರು. ಹೊರಗಿನ ದೊಡ್ಡ ಕಂಪನಿಯವರಲ್ಲ, ಕೌಂಟರಿನಲ್ಲಿ ಕೂತು ಗೊತ್ತಿದ್ದವರು. ಆ ಗುಮಾಸ್ತರು ಮೇಘದೂತದ ಬಗ್ಗೆ ಮಾತಾಡುವಾಗ ಹಳೆಯ ಅಂಬಾಸಿಡರ್ ಕಾರಿನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ನಿಂತರೆ ನಾವೇ ರಿಪೇರಿ ಮಾಡಿಕೊಳ್ಳುತ್ತಿದ್ದೆವು ಅಂತ. 2025ರಲ್ಲಿ ಬಂದ ಹೊಸ ವ್ಯವಸ್ಥೆ, ಎ.ಪಿ.ಟಿ. ಅನ್ನುತ್ತಾರೆ, ಅದನ್ನೂ ಇಲಾಖೆಯವರೇ ಕಟ್ಟಿದ್ದು. ಮೊದಲ ಪ್ರಯೋಗ ನಡೆದದ್ದೂ ಕರ್ನಾಟಕದಲ್ಲಿ. ಆಗಸ್ಟ್ ಹೊತ್ತಿಗೆ ದೇಶದ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿಗೆ ಹರಡಿತು. ಹಾಗಾಗಿ ಅಂಚೆಯವರು ಯಂತ್ರ ಕಂಡರೆ ಬೆಚ್ಚುವ ಜನ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕೆನಡಾದ ಅಂಚೆ ನೌಕರರ ಬಗ್ಗೆ ಒಮ್ಮೆ ಓದಿದ್ದೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಕಾಗದ ವಿಂಗಡಿಸುವ ಯಂತ್ರ ಬಂದಾಗ ಸಂಘ ಜಗಳಕ್ಕೆ ನಿಂತಿತು, ಪೋಸ್ಟಲ್ ಕೋಡ್ ಬರೆಯಬೇಡಿ ಅಂತ ಜನರಿಗೆ ಹೇಳುವ ಮಟ್ಟಕ್ಕೆ ಹೋಯಿತು. ಕೇಳಿದರೆ ಹುಚ್ಚು ಹಟ ಅನಿಸುತ್ತದೆ. ಒಳಗೆ ಹೋಗಿ ನೋಡಿದರೆ 1974ರ ದೊಡ್ಡ ಮುಷ್ಕರದ ಮೂಲ ಪ್ರಶ್ನೆ ಯಂತ್ರದ್ದಲ್ಲ. ಆ ಯಂತ್ರದ ಕೀಲಿಮಣೆ ಒತ್ತುವ ಹೊಸ ಕೆಲಸಕ್ಕೆ, ಕೈಯಲ್ಲಿ ವಿಂಗಡಿಸುವವರಿಗಿಂತ ಕೆಳಗಿನ ದರ್ಜೆ, ಕಡಿಮೆ ಸಂಬಳ ಇಟ್ಟಿದ್ದರು. ಜಗಳ ಅಲ್ಲಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜಗಲಿ.

ಅಂಗೈ ಯಂತ್ರ

ಮುಷ್ಕರಕ್ಕೆ ಸ್ವಲ್ಪ ಮೊದಲು ಚಿಕ್ಕಪ್ಪನಿಗೆ ಕೈಯಲ್ಲಿ ಹಿಡಿಯುವ ಒಂದು ಯಂತ್ರ ಬಂದಿತ್ತು. 'ದರ್ಪಣ್' ಯೋಜನೆ. 2017ರ ಡಿಸೆಂಬರಿನಲ್ಲಿ ಶುರುವಾದದ್ದು, 1.29 ಲಕ್ಷ ಹಳ್ಳಿ ಅಂಚೆ ಕಚೇರಿಗಳಿಗೆ, 1,400 ಕೋಟಿ ವೆಚ್ಚ. ಅದರ ಜೊತೆ ಸೌರಫಲಕ. ಚಿಕ್ಕಪ್ಪ ಅದನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದ. ಅರವತ್ತು ದಾಟಿದವನು, ಎರಡೇ ವಾರದಲ್ಲಿ ಕಲಿತ. ಕೈಬರಹದ ಜರ್ನಲ್ಲು, ದಿನದ ಲೆಕ್ಕದ ಹಾಳೆ ಬಿಡುವುದಕ್ಕೆ ಅವನಿಗೆ ಒಂದಿಷ್ಟೂ ಬೇಜಾರಿರಲಿಲ್ಲ. "ಕೂಡಿ ಕಳೆದು ತಲೆ ಕೆಡಿಸಿಕೊಳ್ಳೋದು ತಪ್ಪಿತು" ಅಂತ ಖುಷಿಯಾಗಿದ್ದ. 2018ರ ಸೆಪ್ಟೆಂಬರಿನಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕೂ ಬಂತು. ಈಗ ಆಧಾರ್ ಬೆರಳಚ್ಚು ಒತ್ತಿದರೆ ಬೇರೆ ಬ್ಯಾಂಕಿನ ದುಡ್ಡನ್ನೂ ಜಗಲಿಯಲ್ಲೇ ಕೊಡಬಹುದು. ಕೆಳಮನೆ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು, ಹೆಬ್ಬೆಟ್ಟು ಇಲ್ಲಿ ಒತ್ತಬೇಕು.

ಕಷ್ಟ ಇದ್ದದ್ದು ಸಿಗ್ನಲ್ಲಿನದು. ನಮ್ಮೂರಿನಲ್ಲಿ ಮೊಬೈಲ್ ಸಿಗುವುದು ಅಡಿಕೆ ಒಣಗಿಸುವ ಮೇಲಿನ ಅಂಗಳದ ಮೂಲೆಯಲ್ಲಿ, ಅದೂ ಮಳೆಗಾಲದಲ್ಲಿ ದೇವರ ದಯೆ. ಮೊದಲು ಮಧ್ಯಾಹ್ನ ಚೀಲ ಕಟ್ಟಿ ಕಳಿಸಿದರೆ ದಿನದ ಕೆಲಸ ಮುಗಿಯುತ್ತಿತ್ತು. ಈಗ ಯಂತ್ರದೊಳಗಿನ ಲೆಕ್ಕ ಮೇಲಕ್ಕೆ ಹೋಗಿ ಮುಟ್ಟಿದರೆ ಮಾತ್ರ ಮುಗಿದ ಹಾಗೆ. ಚಿಕ್ಕಪ್ಪ ಸಂಜೆ ಕೊಡೆ ಹಿಡಿದು ಅಂಗಳದ ಮೂಲೆಯಲ್ಲಿ ನಿಂತಿರುತ್ತಿದ್ದ. ಅದರ ಮೇಲೆ ವಾಟ್ಸಾಪು. ಇವತ್ತು ಎಷ್ಟು ಖಾತೆ, ಈ ವಾರ ಎಷ್ಟು ವಿಮೆ, ಸುಕನ್ಯಾ ಎಷ್ಟು, ಯಾರದು ಸೊನ್ನೆ. ಮನೆ ಮನೆಗೆ ಹೋಗಿ ಖಾತೆ ಮಾಡಿಸುವುದಕ್ಕೆ ನಾಲ್ಕು ಗಂಟೆಯಲ್ಲಿ ಜಾಗ ಎಲ್ಲಿದೆ? ಟಾರ್ಗೆಟ್ ಹೆಸರಿನಲ್ಲಿ ಒತ್ತಡ ಹಾಕಬೇಡಿ ಅನ್ನುವುದು ಸಂಘದ ಬೇಡಿಕೆ ಪಟ್ಟಿಗೆ ಸೇರಿತು. ಚಿಕ್ಕಪ್ಪ ನನ್ನ ಹೆಸರಿನಲ್ಲೂ ಒಂದು ಖಾತೆ ಮಾಡಿದ. ನನ್ನ ಇಬ್ಬರು ಮಕ್ಕಳದೂ. ನೂರು ನೂರು ರೂಪಾಯಿ ಅವನೇ ಹಾಕಿದ.

ಸಂಘದ ಬಗ್ಗೆ ಬರೀ ಒಳ್ಳೆಯದೇ ಹೇಳಿದರೆ ಚಿಕ್ಕಪ್ಪನೇ ನಗುತ್ತಾನೆ. ಒಂದೇ ಕೆಲಸಕ್ಕೆ ಮೂರು ನಾಲ್ಕು ಸಂಘ. ಒಂದರ ಬೋರ್ಡು ಇನ್ನೊಂದಕ್ಕೆ ಆಗದು. ಸುತ್ತೋಲೆಗಳು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಬರುತ್ತವೆ, ಕನ್ನಡಕ್ಕೆ ಬರುವಾಗ ಅರ್ಧ ಅರ್ಥವಾಗುವುದಿಲ್ಲ. ಪೇಟೆಯ ಖಾಯಂ ನೌಕರರ ಸಂಘಕ್ಕೂ ಹಳ್ಳಿಯವರ ಸಂಘಕ್ಕೂ ನಡುವೆ ಒಂದು ಜಗಲಿಯಷ್ಟೇ ಅಂತರ, ಆದರೆ ಅದನ್ನು ದಾಟುವವರು ಕಡಿಮೆ. 2023ರ ಏಪ್ರಿಲ್‌ನಲ್ಲಿ ಇಲಾಖೆ ಎನ್.ಎಫ್.ಪಿ.ಇ. ಎಂಬ ಅಂಚೆ ನೌಕರರ ದೊಡ್ಡ ಒಕ್ಕೂಟದ ಮಾನ್ಯತೆಯನ್ನೇ ರದ್ದು ಮಾಡಿತು. ರೈತ ಹೋರಾಟಕ್ಕೆ ಹಣ ಕೊಟ್ಟರು ಅನ್ನುವುದು ಒಂದು ಕಾರಣ. ಸಂಘದ ಹಣವನ್ನು ಹಾಗೆ ಕೊಡಬಹುದೋ ಇಲ್ಲವೋ ಅನ್ನುವ ನಿಯಮದ ವಾದ ಒಂದು ಕಡೆ ಇರಲಿ. ಹಳ್ಳಿಯ ಅಂಚೆಯವನು ಮಧ್ಯಾಹ್ನದ ಮೇಲೆ ಏನು ಅಂತ ಕೇಳಿದರೆ ರೈತ ತಾನೆ? ಬೇರೆ ದಾರಿ ಇರಬೇಕು ಅಂತ ನಿಯಮ ಮಾಡಿದವರೇ ಮರೆತಂತಿದೆ.

ಇನ್ನೊಂದು ಅಹಿತವಾದ ಮಾತೂ ಇದೆ. ಕಾಗದ ಕಡಿಮೆಯಾಗಿರುವುದು ನಿಜ. ಕೆಲವು ದಿನ ನಮ್ಮ ಜಗಲಿಗೆ ಬರುವುದು ಎರಡು ಮಾಸಪತ್ರಿಕೆ, ಒಂದು ಬ್ಯಾಂಕಿನ ನೋಟೀಸು. ಆ ದಿನ ನಾಲ್ಕು ಗಂಟೆ ಕೆಲಸ ಇದೆಯಾ ಅಂತ ಕೇಳಿದರೆ ಚಿಕ್ಕಪ್ಪನೂ ತಲೆ ಕೆರೆದುಕೊಳ್ಳುತ್ತಾನೆ. ಎಲ್ಲರನ್ನೂ ಖಾಯಂ ಮಾಡಿ ಅನ್ನುವ ಘೋಷಣೆ ಕೂಗುವಾಗ ಸಂಘ ಈ ಎರಡು ಮಾಸಪತ್ರಿಕೆಯ ದಿನದ ಬಗ್ಗೆ ಮಾತಾಡುವುದಿಲ್ಲ. ಮಾತಾಡಬೇಕು ಅಂತ ನನ್ನ ಅನಿಸಿಕೆ. ಆ ದಿನವೂ ಬಾಗಿಲು ತೆಗೆದು ಕೂತಿರುವುದೇ ಒಂದು ಕೆಲಸ. ಬೆಂಕಿ ಆರಿಸುವವರಿಗೆ ನಾವು ಬೆಂಕಿ ಬಿದ್ದ ಗಂಟೆಗಳಿಗೆ ಮಾತ್ರ ಸಂಬಳ ಕೊಡುತ್ತೇವಾ? ಇಲಾಖೆ ಅಳೆಯುವ ಕೋಲನ್ನೇ ಹಿಡಿದುಕೊಂಡು ಸಂಘ ವಾದಿಸಿದಷ್ಟು ದಿನ ಸೋಲೇ ಜಾಸ್ತಿ.

ಪೋಸ್ಟ್ ಮೇಡಂ

ಚಿಕ್ಕಪ್ಪ 65 ತುಂಬಿ 2022ರಲ್ಲಿ ನಿವೃತ್ತನಾದ. ಪಿಂಚಣಿ ಇಲ್ಲ, ಒಂದು ಗಂಟು ಹಣ ಸಿಕ್ಕಿತು, ಅಡುಗೆಮನೆಗೆ ಟೈಲ್ಸ್ ಹಾಕಿಸಿದ. ಈಗ ನೇಮಕಾತಿ ಎಲ್ಲ ಆನ್‌ಲೈನ್, ಹತ್ತನೇ ಕ್ಲಾಸಿನ ಅಂಕದ ಮೇಲೆ. ಹಾಗಾಗಿ ನಮ್ಮೂರಿಗೆ ಬಂದದ್ದು ವಿಜಯಪುರದ ಕಡೆಯ ಒಬ್ಬ ಹುಡುಗಿ. ಇಪ್ಪತ್ತಮೂರು ವರ್ಷ, ಡಿಗ್ರಿ ಆಗಿದೆ. ಮೊದಲ ಮಳೆಗಾಲದಲ್ಲಿ ಹೆದರಿ ಅತ್ತಳಂತೆ, ಮಳೆ ನಿಲ್ಲುವುದೇ ಇಲ್ಲ ಅಂತ. ಆಫೀಸಿಗೆ ಜಾಗ ಬೇಕಿತ್ತು. ಚಿಕ್ಕಪ್ಪ ಅದೇ ಕೋಣೆ ಕೊಟ್ಟ. ಊರಿನವರು ಅವಳನ್ನು ಪೋಸ್ಟ್ ಮೇಡಂ ಅನ್ನುತ್ತಾರೆ. ಅವಳು ಚಿಕ್ಕಪ್ಪನನ್ನು ಕಾಕಾ ಅನ್ನುತ್ತಾಳೆ. ಚಿಕ್ಕಮ್ಮನಿಗೆ ರೊಟ್ಟಿ ಬಡಿಯುವುದು ಕಲಿಸಿದ್ದಾಳೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ರಾತ್ರಿ ಊಟಕ್ಕೆ ಮೊದಲು ಅಂಗಳದ ಮೂಲೆಯಲ್ಲಿ ಬೆಳಕು ಕಂಡಿತು. ಅಡಿಕೆ ಚಪ್ಪರದ ಕಂಬಕ್ಕೆ ಒರಗಿ ಅವಳು ನಿಂತಿದ್ದಳು. ಒಂದು ಕೈಯಲ್ಲಿ ಇಲಾಖೆಯ ಫೋನು, ಇನ್ನೊಂದರಲ್ಲಿ ಸಣ್ಣ ಪ್ರಿಂಟರು. ಚಿಕ್ಕಪ್ಪ ಟಾರ್ಚ್ ಹಿಡಿದಿದ್ದ. ದಿನದ ಲೆಕ್ಕ ಮುಚ್ಚಬೇಕಿತ್ತು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಮೂರು ಜನವೂ ಅದನ್ನೇ ನೋಡುತ್ತಾ ನಿಂತೆವು. ಕೊನೆಗೆ ಟಿಣ್ ಅಂದಿತು. ಪ್ರಿಂಟರಿನಿಂದ ಗೇಣುದ್ದದ ಚೀಟಿ ಬಂತು. ಕೆಳಗೆ ಸಮಯ: 20:41.

"ಎಷ್ಟು ಗಂಟೆ ಕೆಲಸ ನಿಂದು?" ಅಂತ ಕೇಳಿದೆ.

"ನಾಲ್ಕ್ ತಾಸ್ರಿ ಅಣ್ಣಾರ" ಅಂದಳು. ಚೀಟಿಯನ್ನು ಮಡಚಿ ಹೂಡಿಯ ಜೇಬಿಗೆ ಹಾಕಿಕೊಂಡಳು.

ಅವಳು ಆ ಚೀಟಿಗಳನ್ನು ಎಸೆಯುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಬಿಸ್ಕತ್ ಡಬ್ಬದಲ್ಲಿ ಇಡುತ್ತಾಳೆ. ಅವಳ ಜೊತೆ ಸೇರಿದ ಹುಡುಗ ಹುಡುಗಿಯರದ್ದೇ ಒಂದು ಗ್ರೂಪಿದೆ. ಅಲ್ಲಿ ಯಾರೋ ಹೇಳಿದರಂತೆ, ಹಳೆಯವರು ಬಾಯಲ್ಲಿ ಹೇಳಿದ್ದನ್ನು ನಾವು ಸಾಕ್ಷಿ ಇಟ್ಟು ಹೇಳೋಣ, ಬೆಳಿಗ್ಗೆ ಯಂತ್ರ ತೆರೆದದ್ದು ಎಷ್ಟಕ್ಕೆ, ರಾತ್ರಿ ಮುಚ್ಚಿದ್ದು ಎಷ್ಟಕ್ಕೆ ಅಂತ ಅದೇ ಹೇಳುತ್ತದಲ್ಲ. ಚಿಕ್ಕಪ್ಪನಿಗೆ ಇದು ಹೊಳೆದೇ ಇರಲಿಲ್ಲ. ಮೂವತ್ತೈದು ವರ್ಷ ಅವನ ಸಮಯವನ್ನು ಬೇರೆಯವರು ಅಳೆದರು, ಅವನು ಇನ್‌ಲ್ಯಾಂಡ್ ಕೊಂಡು ಪೆಟ್ಟಿಗೆಯಲ್ಲಿಟ್ಟ. ಇವಳು ಅಳೆಯುವ ಯಂತ್ರವನ್ನೇ ತನ್ನ ಕಡೆಯ ಸಾಕ್ಷಿ ಮಾಡಿಕೊಳ್ಳಲು ಹೊರಟಿದ್ದಾಳೆ. ನಾನು ಇಷ್ಟು ವರ್ಷ ತಲೆಯಲ್ಲಿ ಇಟ್ಟುಕೊಂಡು ತಿರುಗಿದ ಪ್ರಶ್ನೆಗೆ ಅವಳ ಬಿಸ್ಕತ್ ಡಬ್ಬದಲ್ಲಿ ಉತ್ತರ ಇತ್ತು.

ಊಟ ಆದಮೇಲೆ ಅವಳು ಡಬ್ಬ ತಂದು ತೋರಿಸಿದಳು. ಮೇಲಿನ ಚೀಟಿಗಳು ಸರಿಯಾಗಿದ್ದವು. ಕೆಳಗೆ ಹೋದ ಹಾಗೆ ಅಕ್ಷರ ತಿಳಿಯಾಗುತ್ತಾ ಬಂದವು. ತಳದಲ್ಲಿದ್ದವು, ಜೂನ್ ತಿಂಗಳವು ಇರಬೇಕು, ಖಾಲಿ ಬಿಳಿ ಕಾಗದ. ಅದು ಬಿಸಿಗೆ ಮೂಡುವ ಮುದ್ರಣ, ಬಿಸಿಗೇ ಮಾಸಿಹೋಗುತ್ತದೆ. ಡಬ್ಬವನ್ನು ಅವಳು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳಂತೆ, ತೇವ ಆಗದಿರಲಿ ಅಂತ.

ಚಿಕ್ಕಪ್ಪ ಒಂದು ಚೀಟಿ ಎತ್ತಿ ದೀಪಕ್ಕೆ ಹಿಡಿದು ನೋಡಿದ. ಏನೂ ಹೇಳಲಿಲ್ಲ. ಕೋಣೆಗೆ ಹೋಗಿ ಮರದ ಪೆಟ್ಟಿಗೆ ತೆಗೆದು ಹುಡುಕಿದ. ಒಂದು ಹಳೇ ಜರ್ನಲ್ ಪುಸ್ತಕ ತಂದ. ಅರ್ಧ ಬರೆದದ್ದು, 1996ರದು. ನೀಲಿ ಶಾಯಿಯ ಅಂಕಿಗಳು ನಿನ್ನೆ ಬರೆದ ಹಾಗಿದ್ದವು. ಉಳಿದರ್ಧ ಖಾಲಿ.

"ಇದರಲ್ಲಿ ಬರೆದಿಡು" ಅಂದ. "ತಾರೀಖು ಈ ಕಡೆ. ಗಂಟೆ ಈ ಕಡೆ."

ಅವಳು ಪೆನ್ನು ಕೇಳಿದಳು. ಮನೆಯಲ್ಲಿ ಬರೆಯುವ ಪೆನ್ನು ಒಂದೂ ಸಿಗಲಿಲ್ಲ. ನನ್ನ ಮಗಳ ಜಾಮಿಟ್ರಿ ಬಾಕ್ಸಿನಿಂದ ತಂದುಕೊಟ್ಟೆ.